ಮಿದುಳಿನ ತಡೆಗೋಡೆಯನ್ನು ಲ್ಯಾಬ್‌ನಲ್ಲಿ ಬೆಳೆಸುವುದು: ನನ್ನ ಅನುಭವ

ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆ ನೀವೂ ನುಂಗಿರಬಹುದು. ಅದು ಮಾರ್ಫಿನ್ ಬಳಗದ ಔಷಧಿ. ಆದರೂ ಮಾಮೂಲಿ ಡೋಸ್‌ನಲ್ಲಿ ಮಂಪರು ಬರುವುದು ಕಡಿಮೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುವ ಗೋಡೆ ಎಂದರೆ ಮಿದುಳಿನ ರಕ್ತನಾಳದ ಕೋಶಗಳೇ. ಅವುಗಳಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಅದನ್ನು ರಕ್ತಕ್ಕೇ ವಾಪಸ್ ತಳ್ಳುತ್ತದೆ. ಹೊಸ ಔಷಧಿಗೂ ಇದೇ ಗತಿಯೇ ಅಂತ ಮೊದಲೇ ನೋಡುವುದು ನನ್ನ ಕೆಲಸ.

ನಾನು ಬಳಸುವುದು ಟ್ರಾನ್ಸ್‌ವೆಲ್, ಅಂದರೆ ಲ್ಯಾಬ್ ತಟ್ಟೆಯ ಕುಳಿಗಳಲ್ಲಿ (ಇವನ್ನೇ ಬಾವಿ ಅನ್ನುತ್ತೇವೆ) ಕೂರುವ ಪುಟ್ಟ ಬಟ್ಟಲು. ಅದರ ತಳದಲ್ಲಿ ಸೂಕ್ಷ್ಮ ರಂಧ್ರಗಳ ಪೊರೆ ಇರುತ್ತದೆ. ಅದರ ಮೇಲೆ ಕೋಶಗಳು ಒತ್ತಾಗಿ ಬೆಳೆದರೆ ಮೇಲಿನ ದ್ರವ ರಕ್ತದ ಕಡೆ, ಕೆಳಗಿನದು ಮಿದುಳಿನ ಕಡೆ.

ಯಾವ ಕೋಶ? ಇಲ್ಲೇ ಜಾಸ್ತಿ ಯೋಚಿಸಬೇಕು. ಎಚ್‌ಸಿಎಂಇಸಿ/ಡಿ3 ಮನುಷ್ಯರ ಮಿದುಳಿನ ರಕ್ತನಾಳದ್ದೇ ತಳಿ, 2005ರಲ್ಲಿ ಬಂತು. ಆದರೆ ಅದರ ಕೋಶಗಳ ಹಾಸು ಸಡಿಲ. ವಿದ್ಯುತ್ ತಡೆ, ಅಂದರೆ ಟೀರ್, ಸಾಮಾನ್ಯವಾಗಿ 50 ಓಮ್ ಚದರ ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಜೀವಂತ ಮಿದುಳಿನಲ್ಲಿ ಇದು ಸಾವಿರ ದಾಟುತ್ತದೆ. ಕಾಂಡಕೋಶದಿಂದ ಬೆಳೆಸಿದವುಗಳಲ್ಲಿ ಟೀರ್ ಚೆನ್ನಾಗಿ ಏರುತ್ತದೆ, ಆದರೆ ಅವು ನಿಜಕ್ಕೂ ರಕ್ತನಾಳದ ಕೋಶಗಳೇ ಎಂಬ ವಾದ ಎದ್ದಿದೆ. ಹಾಗಾಗಿ ಪಂಪಿನ ಪ್ರಶ್ನೆಗೆ ನಾನು ಎಂಡಿಸಿಕೆ-ಎಂಡಿಆರ್1 ಹಿಡಿಯುತ್ತೇನೆ. ಅದು ನಾಯಿಯ ಮೂತ್ರಪಿಂಡದ ಕೋಶ. ಮನುಷ್ಯರ ಪಂಪಿನ ಜೀನ್ ಅದಕ್ಕೆ ಸೇರಿಸಿದ್ದಾರೆ. ಹಾಸು ಬಿಗಿ, ಉತ್ತರ ಸ್ಪಷ್ಟ.

ಟೀರ್ ಅಳೆಯುವ ಮೊದಲು ತಟ್ಟೆಯನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ಕೋಣೆಯ ಉಷ್ಣತೆಗೆ ಬರಲು ಬಿಡುತ್ತೇನೆ. ಬಿಸಿ ಇದ್ದಾಗ ಅಂಕಿ ಇಳಿಯುತ್ತದೆ. ತಣಿಯುತ್ತಿರುವಾಗಲೇ ಅಳೆದರೆ ಮೊದಲ ಬಾವಿಗೂ ಕೊನೆಯದಕ್ಕೂ ಹೋಲಿಕೆಯೇ ಇರುವುದಿಲ್ಲ. ಬಂದ ಅಂಕಿಯಿಂದ ಕೋಶವಿಲ್ಲದ ಪೊರೆಯ ತಡೆ ಕಳೆದು, ಪೊರೆಯ ವಿಸ್ತೀರ್ಣದಿಂದ ಗುಣಿಸಬೇಕು. 12 ಬಾವಿಯ ತಟ್ಟೆಗೆ ಅದು 1.12 ಚದರ ಸೆಂಟಿಮೀಟರ್.

ಆದರೆ ಟೀರ್ ಒಂದನ್ನೇ ನಂಬಿ ಕೂರಬಾರದು. ಔಷಧಿಯ ಜೊತೆಗೇ ಪ್ರತಿ ಬಾವಿಗೂ ಲೂಸಿಫರ್ ಯೆಲ್ಲೋ ಹಾಕುತ್ತೇನೆ. ಈ ಹೊಳೆಯುವ ಬಣ್ಣ ಬಿಗಿಯಾದ ಹಾಸನ್ನು ದಾಟುವುದು ತೀರಾ ಕಡಿಮೆ. ಅದೇ ಸಲೀಸಾಗಿ ಇಳಿದಿದ್ದರೆ ಆ ಬಾವಿ ಲೆಕ್ಕಕ್ಕಿಲ್ಲ. ಔಷಧಿ ದಾಟಿತೋ, ಬಿರುಕಲ್ಲಿ ಸೋರಿತೋ ಅಂತ ಬೇರೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಎರಡೂ ಕಡೆಯ ವೇಗ ಅಳೆಯುತ್ತೇನೆ. ಮೇಲಕ್ಕೆ ಬರುವ ವೇಗ ಕೆಳಕ್ಕೆ ಇಳಿಯುವುದರ 2 ಪಟ್ಟು ಅಥವಾ ಹೆಚ್ಚಿದ್ದು, ಪಂಪನ್ನು ತಡೆಯುವ ಔಷಧಿ ಹಾಕಿದಾಗ ಈ ಅನುಪಾತ 1ರ ಹತ್ತಿರ ಇಳಿದರೆ ಅದು ಪಂಪಿನ ಕೆಲಸವೇ. ಕೊನೆಗೆ ಮೇಲಿನದು, ಕೆಳಗಿನದು, ಕೋಶದೊಳಗೆ ಉಳಿದದ್ದು ಕೂಡಿ ನೋಡಬೇಕು. ಎಣ್ಣೆಯ ಗುಣದ ಔಷಧಿಗಳು ಪ್ಲಾಸ್ಟಿಕ್‌ಗೇ ಅಂಟಿಕೊಳ್ಳುತ್ತವೆ. ಹಾಕಿದ್ದರಲ್ಲಿ ಹೆಚ್ಚಿನ ಪಾಲು ಸಿಗದಿದ್ದರೆ ಆ ಔಷಧಿ ಮಿದುಳಿಗೆ ಹೋಗುವುದಿಲ್ಲ ಅಂತ ನಾನು ಬರೆದುಕೊಡುವುದಿಲ್ಲ.