ಮೊದಲು ನಿಮ್ಮ ಕೂಲಿ ಬರೆಯಿರಿ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ನಿವೃತ್ತಿಯಾದವಳು ನಾನು. ಈಗ ಉಡುಪಿ ಸುತ್ತಮುತ್ತ, ಕಟಪಾಡಿ, ಶಿರ್ವ, ಕಾಪು, ಬ್ರಹ್ಮಾವರ ಕಡೆಯ ಸ್ವಸಹಾಯ ಸಂಘದ ಹೆಂಗಸರ ಜೊತೆ ಕೆಲಸ ಮಾಡುತ್ತೇನೆ. ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿ ಮಾಡುವವರು, ಬಟ್ಟೆ ಹೊಲಿಯುವವರು, ಮಲ್ಲಿಗೆ ಬೆಳೆಯುವವರು, ಒಣಮೀನು ಮಾರುವವರು, ಎಲ್ಲರೂ ಇದ್ದಾರೆ. ಅವರ ಕಸುಬನ್ನು ನಾನು ಕಲಿಸುವುದಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಲೆಕ್ಕ, ಬೆಲೆ, ಕಾಗದ ಪತ್ರ, ಸಾಲ, ಇಷ್ಟು ನನ್ನ ಪಾಲಿನದ್ದು. ಬೇರೆ ಊರಲ್ಲಿ ಇಂಥದ್ದೇ ಕೆಲಸಕ್ಕೆ ಹೊರಟವರು ಇದ್ದರೆ ಉಪಯೋಗವಾಗಲಿ ಅಂತ, ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ತರಬೇತಿಗೆ ಕೊರತೆ ಇಲ್ಲ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದವು. ಈಗ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ತರಬೇತಿ ಕೇಂದ್ರಗಳು ಅದೇ ಮಾದರಿಯವು. ಊಟ, ವಸತಿ ಸಮೇತ ಉಚಿತ ತರಬೇತಿ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ವಿಷಯ. ತರಬೇತಿ ಮುಗಿದ ಮೇಲೂ ಎರಡು ವರ್ಷ ಕಲಿತವರನ್ನು ವಿಚಾರಿಸುತ್ತಿರಬೇಕು ಅನ್ನುವ ಪದ್ಧತಿ ಅಲ್ಲಿದೆ. ಎಷ್ಟೋ ಕಡೆ ಸರ್ಟಿಫಿಕೇಟ್ ಕೊಟ್ಟು, ಗ್ರೂಪ್ ಫೋಟೊ ತೆಗೆದರೆ ಅಲ್ಲಿಗೆ ಮುಗಿಯಿತು. ಆದರೆ ಹೆಂಗಸರಿಗೆ ಪ್ರಶ್ನೆ ಹುಟ್ಟುವುದೇ ಅದರ ಮರುವಾರ. ಅಂಗಡಿಯವರು ಉದ್ದರಿ ಕೇಳುತ್ತಾರೆ, ಮನೆಯಲ್ಲಿ ಮಾತು ಬರುತ್ತದೆ, ಮಾಡಿದ ಮಾಲು ಮಳೆಗೆ ಬೂಸ್ಟು ಹಿಡಿಯುತ್ತದೆ. ಆಗ ಫೋನ್ ಮಾಡಿ ಕೇಳಲು ಒಬ್ಬರು ಬೇಕಲ್ವಾ? ಹಾಗಾಗಿ ನಮ್ಮಲ್ಲಿ ಪಾಠ ಕಡಿಮೆ. ಪಾಠದ ನಂತರದ ಒಡನಾಟ ಜಾಸ್ತಿ.

ಸೇರಿದವರಿಗೆಲ್ಲ ಮೊದಲು ಒಂದು ನೂರು ಪುಟದ ನೋಟ್ ಪುಸ್ತಕ ಕೊಡುತ್ತೇವೆ. "ಎಂಕ್ ಲೆಕ್ಕ ಬರ್ಪುಜಿ ಅಕ್ಕ" ಅಂತ ತುಳುವಿನಲ್ಲಿ ಹೇಳುತ್ತಾರೆ, ನನಗೆ ಲೆಕ್ಕ ಬರುವುದಿಲ್ಲ ಅಂತ. ನಾನು ಒಪ್ಪುವುದಿಲ್ಲ. ಇಲ್ಲಿನ ಹೆಚ್ಚಿನ ಹೆಂಗಸರು ಒಂದಲ್ಲ ಒಂದು ಕಾಲದಲ್ಲಿ ಬೀಡಿ ಕಟ್ಟಿದವರು. ಇಷ್ಟು ಎಲೆ, ಇಷ್ಟು ಹೊಗೆಸೊಪ್ಪಿಗೆ ಎಷ್ಟು ಬೀಡಿ ಬರಬೇಕು, ಬೀಡಿ ಕೊಡುವ ಬ್ರಾಂಚಿನಲ್ಲಿ ಎಷ್ಟು ತೆಗೆದು ಬಿಸಾಡಿದರು, ವಾರಕ್ಕೆ ಎಷ್ಟು ಕೈಗೆ ಬಂತು, ಎಲ್ಲ ಬಾಯಿಪಾಠ. ಆ ಲೆಕ್ಕ ಬೇರೆಯವರ ಪುಸ್ತಕದಲ್ಲಿ ಇತ್ತು. ಈಗ ಅವರದ್ದೇ ಪುಸ್ತಕದಲ್ಲಿ ಬರೆಯಬೇಕು, ಅಷ್ಟೇ.

ಆ ಪುಸ್ತಕದ ಮೊದಲ ಸಾಲಿಗೆ ಬರುವಾಗಲೇ ಎಲ್ಲರೂ ನಿಲ್ಲುತ್ತಾರೆ. ಖರ್ಚಿನ ಕಡೆ ಮೊದಲು ನಿಮ್ಮ ಕೂಲಿ ಬರೆಯಿರಿ ಅನ್ನುತ್ತೇನೆ. ಶಿರ್ವದ ಕಡೆಯ ಒಬ್ಬ ಅಕ್ಕ ಕೇಳಿದರು, "ಎಂತ ಮೇಡಂ, ನಮ್ಮ ಮನೆಯಲ್ಲಿ ನಾವು ಮಾಡಿದ್ದಕ್ಕೂ ಕೂಲಿ ಉಂಟಾ?"

ಅವರ ಹಲಸಿನ ಹಪ್ಪಳದ ಲೆಕ್ಕವನ್ನು ಇಲ್ಲಿ ಪೂರ್ತಿ ಕೊಡುತ್ತೇನೆ. ನಮ್ಮ ಕೆಲಸದ ತಿರುಳು ಇದರಲ್ಲೇ ಇದೆ.

ಅತ್ತೆ, ಸೊಸೆ, ನಾದಿನಿ ಮೂವರು ಸೇರಿ ದಿನಕ್ಕೆ 400 ಹಪ್ಪಳ ಮಾಡುತ್ತಿದ್ದರು. ನೂರು ಹಪ್ಪಳದ ಕಟ್ಟಿಗೆ 200 ರೂಪಾಯಿ. ಅಂದರೆ ದಿನಕ್ಕೆ 800. ಹಲಸು ಹಿತ್ತಲಿನದ್ದು, ಹಾಗಾಗಿ ಅದಕ್ಕೆ ಖರ್ಚೇ ಇಲ್ಲ ಅಂತ ಅವರ ನಂಬಿಕೆ. ಅದೇ ಕಾಯಿಯನ್ನು ಮಾರಿದ್ದರೆ ದುಡ್ಡು ಬರುತ್ತಿತ್ತು, ಹಾಗಾಗಿ ಅದನ್ನೂ ಬರೆದೆವು. ಮೆಣಸು, ಉಪ್ಪು, ಜೀರಿಗೆ, ಗ್ಯಾಸು, ಪ್ಲಾಸ್ಟಿಕ್ ಕವರು, ಲೇಬಲ್ಲು, ಪೇಟೆಗೆ ಹೋಗಿ ಬರುವ ಬಸ್ಸಿನ ಟಿಕೆಟ್ಟು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅಂತ ದೂರದ ಊರಿನವರು ಕೇಳಬಹುದು. ಫ್ರೀ ಇರುವುದು ಸರಕಾರಿ ಬಸ್ಸಿನಲ್ಲಿ. ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಎಲ್ಲ ಸೇರಿ ದಿನಕ್ಕೆ 300 ರೂಪಾಯಿ ಆಯಿತು. ಉಳಿದ 500 ಮೂವರಿಗೆ ಹಂಚಿದರೆ ಒಬ್ಬರಿಗೆ 170 ಕೂಡ ಬರುವುದಿಲ್ಲ. ತೋಟದ ಕೆಲಸಕ್ಕೆ ಹೋದರೆ ಇದರ ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತದೆ. ಅತ್ತೆ ಆ ಅಂಕಿಯನ್ನು ಎರಡು ಸಲ ನೋಡಿದರು.

ಒಬ್ಬರಿಗೆ 400 ಕೂಲಿ ಹಿಡಿದರೆ ಮೂವರಿಗೆ 1200, ಉಳಿದ ಖರ್ಚು 300, ಒಟ್ಟು 1500. ನೂರು ಹಪ್ಪಳದ ಅಸಲು 375 ಆಯಿತು. 200ಕ್ಕೆ ಕೊಡುತ್ತಿದ್ದ ಮಾಲಿಗೆ ಒಮ್ಮೆಲೇ 375 ಕೇಳಿದರೆ ಗಿರಾಕಿ ತಿರುಗಿ ನೋಡುವುದಿಲ್ಲ. ಹಾಗಾದರೆ ಏನು ಮಾಡುವುದು? ಎರಡು ದಾರಿ ಹಿಡಿದೆವು. ಕೈಯಲ್ಲಿ ತಟ್ಟುವ ಬದಲು ಒತ್ತುವ ಮಣೆ ತಂದರು. ಅದೇ ಮೂವರು ದಿನಕ್ಕೆ 600 ಮಾಡುವಂತಾಯಿತು. ಆಗ ಕೂಲಿ 1200, ಉಳಿದದ್ದು 450, ನೂರಕ್ಕೆ ಅಸಲು 275ಕ್ಕೆ ಇಳಿಯಿತು. ಇನ್ನೊಂದು, ನೂರರ ಕಟ್ಟು ಬಿಟ್ಟು 25ರ ಪ್ಯಾಕೆಟ್ ಮಾಡಿದರು. ಈಗಿನ ಸಣ್ಣ ಸಂಸಾರಕ್ಕೆ ನೂರು ಹಪ್ಪಳ ಯಾಕೆ? ಪ್ಯಾಕೆಟ್ಟಿಗೆ 80 ಇಡೋಣ ಅಂತ ಸೊಸೆ ಹೇಳಿದರು. ನೂರಕ್ಕೆ 320 ಆಗುತ್ತದೆ, ಒಳ್ಳೆಯದೇ ಅಂತ ಎಲ್ಲರಿಗೂ ಅನ್ನಿಸಿತು. ಅಂಗಡಿಯವರ ಪಾಲನ್ನು ತೆಗೆದು ನೋಡಿ ಅಂದೆ. ನೂರಕ್ಕೆ 20ರ ಲೆಕ್ಕದಲ್ಲಿ ಅವರು 16 ರೂಪಾಯಿ ಇಟ್ಟುಕೊಂಡರೆ ಕೈಗೆ ಬರುವುದು 64. ನೂರು ಹಪ್ಪಳಕ್ಕೆ 256. ಅಸಲಿಗಿಂತ ಕಡಿಮೆ! ಕೊನೆಗೆ ಎಂಆರ್‌ಪಿ 90 ಅಂತ ಹಾಕಿದರು. ಅಂಗಡಿಗೆ ಕೊಟ್ಟರೆ 72 ಬರುತ್ತದೆ, ಸ್ವಲ್ಪ ಉಳಿಯುತ್ತದೆ. ಜಾತ್ರೆಯಲ್ಲಿ, ಮದುವೆ ಮನೆಗೆ, ಮುಂಬೈಗೆ ಹೊರಟವರ ಚೀಲಕ್ಕೆ ನೇರವಾಗಿ ಕೊಟ್ಟರೆ ಚೆನ್ನಾಗಿ ಉಳಿಯುತ್ತದೆ. ಅಂಗಡಿಗೆ ಎಷ್ಟು, ನೇರ ಎಷ್ಟು ಅಂತ ಈಗ ಅವರೇ ತೂಗಿ ನೋಡುತ್ತಾರೆ.

ಈ ಲೆಕ್ಕವನ್ನು ನಾನು ಬೋರ್ಡಿನಲ್ಲಿ ಬರೆದು ತೋರಿಸಬಹುದಿತ್ತು, ಹತ್ತು ನಿಮಿಷದ ಕೆಲಸ. ಹಾಗೆ ಮಾಡಲಿಲ್ಲ. ಅವರ ಜಗುಲಿಯಲ್ಲಿ ಕೂತು, ಅವರ ಕೈಯಲ್ಲೇ ಬರೆಸಿದ್ದಕ್ಕೆ ಸುಮಾರು ವಾರಗಳೇ ಹಿಡಿದವು. ಬೋರ್ಡಿನ ಲೆಕ್ಕ ಮನೆ ತಲುಪುವಷ್ಟರಲ್ಲಿ ಮರೆತು ಹೋಗುತ್ತದೆ. ತಾನೇ ಬರೆದ ಅಂಕಿ ಹಿಡಿದು ಗಿರಾಕಿಯ ಎದುರು ನಿಂತವಳ ದನಿಯೇ ಬೇರೆ.

ಆದರೆ ಮಲ್ಲಿಗೆಯವರಿಗೆ ಈ ಪಾಠ ಹೇಳಿ ಪ್ರಯೋಜನವಿಲ್ಲ. ಶಂಕರಪುರ ಮಲ್ಲಿಗೆಯ ದರ ದಿನದಿನಕ್ಕೆ ಕಟ್ಟೆಯಲ್ಲಿ, ಅಂದರೆ ಹೂವಿನ ವ್ಯಾಪಾರದ ಜಾಗದಲ್ಲಿ, ನಿಗದಿಯಾಗುತ್ತದೆ. ಕಟ್ಟಿದ ಹೂವಿನ ನಾಲ್ಕು ಚೆಂಡಿಗೆ ಒಂದು ಅಟ್ಟೆ, ಇವತ್ತು ಅಟ್ಟೆಗೆ ಇಷ್ಟು ಅಂತ ಹೇಳಿದರೆ ಅಷ್ಟೇ. ಬೆಲೆ ಇವರ ಕೈಯಲ್ಲಿಲ್ಲ. ಅವರಿಗೆ ಬೇಕಾದದ್ದು ಬೇರೆ: ದರ ಏರಿದ ದಿನ ಬಂದ ದುಡ್ಡನ್ನು ದರ ಬಿದ್ದ ತಿಂಗಳಿಗೆ ಹೇಗೆ ಉಳಿಸುವುದು, ಗಿಡಕ್ಕೆ ಹಾಕಿದ ಹಿಂಡಿ, ಗೊಬ್ಬರದ ಲೆಕ್ಕ ಹೇಗೆ ಇಡುವುದು. ಒಣಮೀನಿನವರ ವರ್ಷವೂ ಬೇರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ನಿಂತಿರುತ್ತವೆ. ಹಸಿಮೀನು ಕಡಿಮೆ ಇರುವ ಆ ಸಮಯದಲ್ಲೇ ಒಣಮೀನಿಗೆ ಗಿರಾಕಿ. ಹಾಗಾಗಿ ಮೇ ತಿಂಗಳ ಒಳಗೆ ಮಾಲು ಕೊಂಡು, ಒಣಗಿಸಿ ಇಟ್ಟಿರಬೇಕು. ಅದಕ್ಕೆ ದುಡ್ಡು ಬೇಕು. ಹಪ್ಪಳದ್ದೂ ಹಾಗೇ, ಬಿಸಿಲಿನಲ್ಲಿ ದುಡ್ಡು ಹಾಕಿ ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಎಣಿಸುವ ವ್ಯಾಪಾರ. ಎಲ್ಲರಿಗೂ ಒಂದೇ ಪುಸ್ತಕದ ಪಾಠ ಓದಿಸುವವರು ಈ ಊರಿನ ಕ್ಯಾಲೆಂಡರನ್ನು ಒಮ್ಮೆ ನೋಡಬೇಕು ಅಂತ ನನಗೆ ಅನ್ನಿಸುತ್ತದೆ.

ವ್ಯಾಪಾರದ ದುಡ್ಡು, ಮನೆ ದುಡ್ಡು ಬೇರೆ ಇಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಹೇಳುವವರು ಕಡಿಮೆ. ನಾವು ಪಿಗ್ಮಿ, ಅಂದರೆ ದಿನದಿನದ ಸಣ್ಣ ಠೇವಣಿ, ಹಿಡಿದೆವು. ಪಿಗ್ಮಿ ಹುಟ್ಟಿದ್ದೇ ಈ ಊರಿನಲ್ಲಿ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದ ಠೇವಣಿ ತೆಗೆದುಕೊಳ್ಳಲು ಶುರು ಮಾಡಿತು. ಎರಡಾಣೆ ಉಳಿಸುವವರನ್ನೂ ಬ್ಯಾಂಕಿನ ಗಿರಾಕಿ ಅಂತ ಕಂಡವರು ಅವರು. ನಮ್ಮ ಹೆಂಗಸರು ಮಾಲು ಮಾರಿದ ಸಂಜೆಯೇ ಮುಂದಿನ ಸಲದ ಕಚ್ಚಾ ಸಾಮಾನಿನ ದುಡ್ಡನ್ನು ಪಿಗ್ಮಿಗೆ ಹಾಕುತ್ತಾರೆ. ಕೂಲಿ ಮನೆಗೆ ತೆಗೆದುಕೊಂಡು ಹೋಗಬಹುದು, ಅದಕ್ಕೆ ಯಾರೂ ಕೇಳುವ ಹಾಗಿಲ್ಲ.

ಇದರಷ್ಟೇ ಮುಖ್ಯವಾದದ್ದು ಕ್ಯೂಆರ್ ಕೋಡ್. ಸ್ಟಾಲಿನಲ್ಲಿ ಇಟ್ಟ ಸ್ಕ್ಯಾನರ್ ಮಗನ ಅಥವಾ ಗಂಡನ ಖಾತೆಗೆ ಜೋಡಿಸಿರುತ್ತದೆ. ದುಡಿಮೆ ಇವರದ್ದು, ಸದ್ದು ಬರುವುದು ಅವರ ಮೊಬೈಲಿನಲ್ಲಿ. ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಇವರ ಖಾತೆ ತೆಗೆದು ನೋಡಿದರೆ ವ್ಯಾಪಾರವೇ ಇಲ್ಲ! ಆದ್ದರಿಂದ ಅವರ ಹೆಸರಿನ ಉಳಿತಾಯ ಖಾತೆ, ಅವರ ಹೆಸರಿನ ಸಿಮ್, ಅವರದ್ದೇ ಕ್ಯೂಆರ್. ಈ ವಿಷಯದಲ್ಲಿ ನಾವು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ಕೆಲವು ಮನೆಗಳಲ್ಲಿ ಮುಖ ಗಂಟಿಕ್ಕಿದ್ದೂ ಉಂಟು. ಆಗ ಗಂಡನನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. ನಾಳೆ ಸಾಲ ಬೇಕಾದರೆ ಇದೇ ಸಾಕ್ಷಿ ಅಂತ ತೋರಿಸಿದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಕಾಗದ ಪತ್ರಕ್ಕೆ ಹೆದರುವಷ್ಟು ಏನೂ ಇಲ್ಲ. ಸಣ್ಣ ಉದ್ಯಮಗಳಿಗೆ ಸರಕಾರದ ಉದ್ಯಮ್ ನೋಂದಣಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಆಯಿತು. ಅದಕ್ಕೆ ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ. ತಿಂಡಿ ಮಾಡುವವರಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ನಾವು ಮಾಡಿಸುವಾಗ ಸಣ್ಣವರಿಗೆ ಫೀಸು ವರ್ಷಕ್ಕೆ 100 ರೂಪಾಯಿ. ಬರುವ 14 ಅಂಕಿಯ ನಂಬರನ್ನು ಲೇಬಲ್ಲಿನ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೇವೆ, ಎಷ್ಟು ತೂಕ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಎಂಆರ್‌ಪಿ, ವಿಳಾಸ, ಸಸ್ಯಾಹಾರದ ಹಸಿರು ಗುರುತು.

ಇನ್ನು ಸಾಲ. "ಸಬ್ಸಿಡಿ ಎಷ್ಟು ಸಿಗ್ತದೆ ಮೇಡಂ?" ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಸಿಗುತ್ತದೆ, ಸುಳ್ಳಲ್ಲ. 2020ರಲ್ಲಿ ಬಂದ, ಕಿರು ಆಹಾರ ಉದ್ಯಮಗಳಿಗೆ ಅಂತಲೇ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕಕ್ಕೆ ಶೇ 35, ಗರಿಷ್ಠ 10 ಲಕ್ಷದ ತನಕ ಸಹಾಯಧನ. ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000ದ ವರೆಗೆ ಮೂಲ ಬಂಡವಾಳದ ದಾರಿಯೂ ಅದರಲ್ಲಿದೆ. ಸಣ್ಣ ವ್ಯಾಪಾರದವರಿಗೆ ಇರುವ ಮುದ್ರಾ ಯೋಜನೆಯ ಶಿಶು ಸಾಲ 50,000ದ ತನಕ, ಅಡಮಾನ ಬೇಡ. ಆದರೆ ಸಬ್ಸಿಡಿ ಸಾಲಕ್ಕೆ ಅಂಟಿಕೊಂಡು ಬರುತ್ತದೆ, ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ. ಸಬ್ಸಿಡಿ ಇದೆ ಅಂತ ದೊಡ್ಡ ಮಿಷನ್ ತಂದು, ಅದಕ್ಕೆ ಬೇಕಾದಷ್ಟು ಆರ್ಡರ್ ಇಲ್ಲದೆ, ಮೇಲೆ ಬೆಡ್‌ಶೀಟ್ ಹೊದಿಸಿಟ್ಟ ಮನೆಗಳನ್ನು ಬ್ಯಾಂಕಿನಲ್ಲಿದ್ದಾಗಲೇ ನೋಡಿದ್ದೇನೆ. ಅದಕ್ಕಾಗಿ ನಮ್ಮದೊಂದು ಕಟ್ಟುಪಾಡು: ಮೂರು ತಿಂಗಳು ಬಿಡದೆ ಪುಸ್ತಕ ಬರೆದವರಿಗೆ ಮಾತ್ರ ಸಾಲದ ಅರ್ಜಿ ತುಂಬಲು ಸಹಾಯ ಮಾಡುತ್ತೇವೆ. ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದವರಿದ್ದಾರೆ. ಪುಸ್ತಕ ಇಟ್ಟುಕೊಂಡು ಹೋದವರು ಮ್ಯಾನೇಜರ ಎದುರು ಬೇಡುವ ಹಾಗೆ ನಿಲ್ಲಬೇಕಾಗಿಲ್ಲ. ಎಷ್ಟು ಬೇಕು, ಯಾಕೆ ಬೇಕು, ಯಾವ ತಿಂಗಳು ಎಷ್ಟು ಕಟ್ಟಬಹುದು ಅಂತ ಅವರೇ ಹೇಳುತ್ತಾರೆ. ಆ ಮೇಜಿನ ಹಿಂದೆ ಕೂತಿದ್ದವಳಾಗಿ ಹೇಳುತ್ತೇನೆ, ಅಂಥವರ ಅರ್ಜಿಯನ್ನು ಬದಿಗಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಮಾರ್ಗದರ್ಶನ ಮಾಡುವವರು ಯಾರು ಅನ್ನುವುದು ಇದೆಲ್ಲಕ್ಕಿಂತ ದೊಡ್ಡ ವಿಷಯ. ಮ್ಯಾನೇಜ್‌ಮೆಂಟ್ ಕಾಲೇಜಿನವರು ಬಂದು ಮಾತಾಡಿದ್ದಾರೆ, ಚೆನ್ನಾಗಿಯೇ ಮಾತಾಡಿದ್ದಾರೆ. ಆದರೆ ರಾತ್ರಿ ಎಂಟು ಗಂಟೆಗೆ "ಅಂಗಡಿಯವರು ಹಿಂದೆ ಕೊಟ್ಟ ಮಾಲಿನ ದುಡ್ಡೇ ಕೊಟ್ಟಿಲ್ಲ, ಮತ್ತೆ ಕೇಳ್ತಿದ್ದಾರೆ, ಎಂತ ಮಾಡುದು?" ಅಂತ ಕೇಳಲು ಅವರಿಗೆ ಫೋನ್ ಹೋಗುವುದಿಲ್ಲ. ಪಕ್ಕದ ಊರಿನಲ್ಲಿ ಎರಡು ವರ್ಷ ಮೊದಲು ಇದೇ ಪೆಟ್ಟು ತಿಂದು ಮೇಲೆ ಬಂದ ಅಕ್ಕನಿಗೆ ಹೋಗುತ್ತದೆ. ಹಾಗಾಗಿ ಹೊಸಬರಿಗೆ ಒಬ್ಬೊಬ್ಬ ಹಳಬರನ್ನು ಜೊತೆ ಮಾಡುತ್ತೇವೆ. ಒಂದೇ ಊರಿನವರು, ಒಂದೇ ಮಾಲಿನವರು ಬೇಡ. ಗಿರಾಕಿ ಒಬ್ಬರೇ ಆದರೆ ಮನಸ್ಸು ಬಿಚ್ಚಿ ಹೇಳುವುದು ಕಷ್ಟ. ಸಾರಿನ ಪುಡಿಯವರಿಗೆ ಟೈಲರಿಂಗಿನವರು, ಮೀನಿನವರಿಗೆ ಉಪ್ಪಿನಕಾಯಿಯವರು, ಹೀಗೆ. ಈ ಅಕ್ಕಂದಿರಿಗೆ ಬಸ್ ಖರ್ಚು ಮತ್ತು ಅರ್ಧ ದಿನದ ಕೂಲಿ ಕೊಡುತ್ತೇವೆ. ಸೇವೆ ಅಂತ ಪುಕ್ಕಟೆ ಮಾಡಿಸಿಕೊಂಡರೆ, ನಿಮ್ಮ ಕೂಲಿ ಬರೆಯಿರಿ ಅಂತ ಹೇಳಲು ನನಗೆ ಯಾವ ಮುಖ?

ಉದ್ದರಿಯ ವಿಷಯಕ್ಕೆ ಈ ಅಕ್ಕಂದಿರೇ ಕಂಡುಕೊಂಡ ಕ್ರಮ ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಹೊಸ ಅಂಗಡಿಗೆ ಮೊದಲ ಮೂರು ಸಲ ನಗದು ಮಾತ್ರ, ಅದೂ ಸ್ವಲ್ಪ ಸ್ವಲ್ಪವೇ ಮಾಲು. ಆಮೇಲೆ ಬೇಕಾದರೆ ಒಂದು ಸಲದ ಬಾಕಿ ಇಟ್ಟುಕೊಳ್ಳಬಹುದು. ಮಾಲು ಕೊಟ್ಟಾಗ ಚೀಟಿಯಲ್ಲಿ ಬರೆದು ಸಹಿ ತೆಗೆದುಕೊಳ್ಳಬೇಕು, ಅಂಗಡಿಯವರು ಎಷ್ಟೇ ಪರಿಚಯದವರಾಗಲಿ. ಸಹಿ ಕೇಳಲು ಮೊದಮೊದಲು ಸಂಕೋಚ. ಜೊತೆಗೆ ಹಳೆಯ ಅಕ್ಕ ಇದ್ದರೆ ಆ ಸಂಕೋಚ ಬೇಗ ಹೋಗುತ್ತದೆ.

ಇಂಥ ಕೆಲಸ ಶುರು ಮಾಡುವವರಿಗೆ ಸಮಯದ ಬಗ್ಗೆ ಒಂದು ಮಾತು. ಮಾರ್ಚಿನಿಂದ ಮೇ ತನಕ ಕರಾವಳಿಯಲ್ಲಿ ತರಬೇತಿ ಇಡಬೇಡಿ, ಬಿಸಿಲು ಇರುವಾಗ ಯಾರೂ ಅಂಗಳ ಬಿಟ್ಟು ಬರುವುದಿಲ್ಲ. ಜೂನ್ ಮಧ್ಯದಲ್ಲಿ, ಮಕ್ಕಳ ಶಾಲೆ ಒಂದು ಹದಕ್ಕೆ ಬಂದ ಮೇಲೆ ಶುರು ಮಾಡಿ. ಅಷ್ಟಮಿಗೆ ಚಕ್ಕುಲಿ, ಲಡ್ಡಿನ ಆರ್ಡರ್ ಬರುವ ಮೊದಲು ಬೆಲೆಯ ಲೆಕ್ಕ ಕೈಗೆ ಹತ್ತಿರಬೇಕು. ಹೊತ್ತು ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ಅಡುಗೆ, ಊಟ ಮುಗಿದಿರುತ್ತದೆ, ಮಕ್ಕಳು ಮನೆಗೆ ಬರುವಷ್ಟರಲ್ಲಿ ಅವರೂ ತಲುಪಬಹುದು. ಜಾಗ ಬಸ್ ಸ್ಟಾಪಿನ ಹತ್ತಿರ ಇರಲಿ, ಎಳೆ ಮಗು ಇದ್ದವರು ಕರೆದುಕೊಂಡು ಬರಲಿ. ಮತ್ತೆ, ಮೊದಲ ದಿನವೇ ಎಲ್ಲರ ಮನೆಯ ದಾರಿ ಕೇಳಿ ಬರೆದುಕೊಳ್ಳಿ. ಮುಂದಿನ ವಾರದಿಂದ ನೀವು ಅಲ್ಲಿಗೆ ಹೋಗಬೇಕು.