ಹಿಂದೆ ವೈಪರ್ ಇಲ್ಲದ ಎಲೆಕ್ಟ್ರಿಕ್ ಕಾರು: ಘಾಟಿ ಮಳೆಯಲ್ಲಿ ನಾನು ಓಡಿಸುವ ರೀತಿ

ನನ್ನ ಎಲೆಕ್ಟ್ರಿಕ್ ಕಾರಿನ ಹಿಂದಿನ ಗಾಜಿಗೆ ವೈಪರ್ ಇಲ್ಲ. ಬೇಸಿಗೆಯಲ್ಲಿ ಬೆಂಗಳೂರಿನೊಳಗೆ ಓಡಾಡುವಾಗ ಅದು ನೆನಪಿಗೂ ಬರುವುದಿಲ್ಲ. ಆದರೆ ನಮ್ಮೂರು ಪುತ್ತೂರಿನ ಕಡೆ. ಮಳೆಗಾಲದಲ್ಲೂ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಊರಿಗೆ ಹೋಗಿ ಬರಲೇಬೇಕು. ಜಡಿಮಳೆ, ಕೆಂಪು ಕೆಸರು, ಮುಂದೆ ಟ್ಯಾಂಕರ್, ಹಿಂದೆ ಬಸ್ಸು. ಸಕಲೇಶಪುರ ಬರುವ ಹೊತ್ತಿಗೇ ಹಿಂದಿನ ಗಾಜು ಪೂರ್ತಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ.

ವೈಪರ್ ಬಿಡುವುದು ಒಂದೇ ಕಂಪನಿಯ ರೂಢಿಯಲ್ಲ. ಟೆಸ್ಲಾ ಮಾಡೆಲ್ ವೈಗೆ ಹಿಂದಿನ ವೈಪರ್ ಇಲ್ಲ. ಪೋಲ್‌ಸ್ಟಾರ್ 4ರಲ್ಲಿ ಹಿಂದಿನ ಗಾಜೇ ಇಲ್ಲ, ಕ್ಯಾಮೆರಾ ನೋಡಿಕೊಂಡೇ ಓಡಿಸಬೇಕು. ಹ್ಯುಂಡೈ ಐಯೊನಿಕ್ 5 ಕಾರು 2021ರಲ್ಲಿ ಹೊರಬಂದಾಗ ಹಿಂದಿನ ವೈಪರ್ ಇರಲಿಲ್ಲ, 2024ರ ಪರಿಷ್ಕೃತ ಮಾದರಿಯಲ್ಲಿ ಕೊಟ್ಟರು. ವೈಪರ್ ತೆಗೆದರೆ ಮೋಟಾರು, ತೋಳು, ನೀರಿನ ಪೈಪು ಎಲ್ಲದರ ಖರ್ಚು ಉಳಿಯುತ್ತದೆ, ನೋಟಕ್ಕೂ ನುಣುಪು.

ಗಾಜು ಯಾಕೆ ಇಷ್ಟು ಬೇಗ ಕೊಳೆಯಾಗುತ್ತದೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ನನ್ನದರಂತೆ ಹಿಂಬದಿ ನೆಟ್ಟಗೆ ಕತ್ತರಿಸಿದಂತಿರುವ ಕಾರಿನಲ್ಲಿ, ಚಾವಣಿಯ ಮೇಲಿಂದ ಬಂದ ಗಾಳಿ ಅಂಚಿನಲ್ಲಿ ಕಾರನ್ನು ಬಿಟ್ಟು ನೇರ ಹಿಂದಕ್ಕೆ ಹೋಗಿಬಿಡುತ್ತದೆ. ಹಿಂದೆ ಒತ್ತಡ ಕಡಿಮೆಯಾಗಿ ಗಾಳಿ ಅಲ್ಲೇ ಸುತ್ತುತ್ತದೆ. ಹಿಂದಿನ ಚಕ್ರಗಳು ಎರಚುವ ಕೆಸರುನೀರನ್ನು ಆ ಸುಳಿಯೇ ಮೇಲಕ್ಕೆಳೆದು ಗಾಜಿಗೆ ಬಳಿಯುತ್ತದೆ. ಸೆಡಾನ್‌ಗಳಲ್ಲಿ ಗಾಜು ಓರೆಯಾಗಿದ್ದು ಗಾಳಿ ಅದಕ್ಕೆ ಅಂಟಿಕೊಂಡೇ ಹರಿಯುತ್ತದೆ, ಡಿಕ್ಕಿಯೂ ಕೆಸರನ್ನು ತಡೆಯುತ್ತದೆ. ಹಾಗಾಗಿ ಅವಕ್ಕೆ ವೈಪರ್ ಇಲ್ಲದಿದ್ದರೂ ನಡೆಯುತ್ತದೆ. ನನ್ನ ಮೊದಲ ಕೆಲಸ ಹಿಂದಿನ ಚಕ್ರಗಳಿಗೆ ಅಗಲವಾದ ಮಡ್‌ಫ್ಲ್ಯಾಪ್ ಹಾಕಿಸಿದ್ದು. ಕೆಸರು ಪೂರ್ತಿ ನಿಲ್ಲಲಿಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಎಲ್ಲರೂ ಹೇಳುವ ಉಪಾಯ ಎಂದರೆ ನೀರು ಜಾರಿಸುವ ಲೇಪನ. ಮುಂದಿನ ಗಾಜಿಗೆ ಅದು ನಿಜಕ್ಕೂ ಒಳ್ಳೆಯದು. ವೇಗ ಹೆಚ್ಚಿದಂತೆ ಎದುರುಗಾಳಿಯೇ ಹನಿಗಳನ್ನು ತಳ್ಳಿಕೊಂಡು ಹೋಗುತ್ತದೆ. ಹಿಂದಿನ ಗಾಜಿನ ಮೇಲೆ ಹಾಗೆ ತಳ್ಳುವ ಗಾಳಿಯೇ ಇಲ್ಲ, ಅಲ್ವಾ? ಲೇಪನ ಹಚ್ಚಿದಾಗ ನೀರು ಸಣ್ಣ ಸಣ್ಣ ಮುತ್ತಾಗಿ ಅಲ್ಲೇ ಕೂರುತ್ತಿತ್ತು. ರಾತ್ರಿ ಹಿಂದಿನ ಲಾರಿಯ ಹೆಡ್‌ಲೈಟ್ ಬಿದ್ದರೆ ಒಂದೊಂದು ಹನಿಯೂ ಒಂದೊಂದು ದೀಪ. ಈಗ ನಾನು ಉಲ್ಟಾ ಮಾಡುತ್ತೇನೆ. ಮಳೆಗಾಲಕ್ಕೆ ಮೊದಲು ಗಾಜನ್ನು ಪಾಲಿಶ್ ಹಾಕಿ ಉಜ್ಜಿ, ಎಣ್ಣೆಜಿಡ್ಡು, ವ್ಯಾಕ್ಸ್ ಏನೂ ಇಲ್ಲದ ಹಾಗೆ ಮಾಡುತ್ತೇನೆ. ಶುದ್ಧವಾದ ಗಾಜಿನ ಮೇಲೆ ನೀರು ಹನಿಯಾಗದೆ ತೆಳುವಾಗಿ ಹರಡಿ ಇಳಿಯುತ್ತದೆ. ಆಚೆಗಿನದು ಸ್ವಲ್ಪ ಅಲೆಯಲೆಯಾಗಿ ಕಂಡರೂ ಕಾಣುತ್ತದೆ. ಕಾರು ತೊಳೆಯುವವರಿಗೆ ಮೊದಲೇ ಹೇಳಿಬಿಡಿ, ಹಿಂದಿನ ಗಾಜಿಗೆ ವ್ಯಾಕ್ಸ್ ಇರುವ ಶಾಂಪೂ ಬೇಡ ಅಂತ.

ಕಪ್ಪು ಫಿಲ್ಮ್ ಅಂತೂ ಬೇಡವೇ ಬೇಡ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70% ಬೆಳಕು ಹಾಯಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಕೆಸರಿನ ಜೊತೆ ಫಿಲ್ಮೂ ಸೇರಿದರೆ ಸಂಜೆ ಆರು ಗಂಟೆಗೇ ಹಿಂದೆ ಗೋಡೆ ಇದ್ದ ಹಾಗೆ.

ಹಿಂದಿನ ಗಾಜನ್ನು ಬಿಸಿ ಮಾಡಿ ಮಂಜು ಬಿಡಿಸುವ ಡಿಫಾಗರ್ ಹಾಕಲು ಕೆಲವರು ಹಿಂಜರಿಯುತ್ತಾರೆ, ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಹೋಗುತ್ತೆ ಅಂತ. ಲೆಕ್ಕ ಹಾಕಿ ನೋಡಿ. ಅದು 200 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಕಾಲು ಗಂಟೆಗೆ 0.05 ಯೂನಿಟ್. ಕಿಲೋಮೀಟರಿಗೆ 150 ವ್ಯಾಟ್-ಅವರ್ ತಿನ್ನುವ ಕಾರಿನಲ್ಲಿ ಅದು ಮುನ್ನೂರು ಚಿಲ್ಲರೆ ಮೀಟರ್ ದೂರ, ಅಷ್ಟೇ. ನಾನು ಮಳೆಯಲ್ಲಿ ಮತ್ತೆ ಮತ್ತೆ ಹಾಕುತ್ತಲೇ ಇರುತ್ತೇನೆ. ಒಳಗಿನ ಮಂಜು ಹೋಗುತ್ತದೆ, ಹೊರಗಿನ ತೆಳು ನೀರೂ ಬೇಗ ಆರುತ್ತದೆ. ನನ್ನ ಕಾರಿನಲ್ಲಿ ಅದೇ ಸ್ವಿಚ್ಚಿಗೆ ಸೈಡ್ ಮಿರರ್‌ಗಳೂ ಬಿಸಿಯಾಗುತ್ತವೆ, ಅದೇ ದೊಡ್ಡ ಲಾಭ. ರೇಂಜ್ ಉಳಿಸಲು ಎಸಿ ಆರಿಸುವುದೂ ಬೇಡ. ಒಳಗಿನ ತೇವ ತೆಗೆಯುವುದು ಅದೇ.

ಕೆಸರು ಅಂಟಿದ ಮೇಲೆ ಮಾತ್ರ ಡಿಫಾಗರ್ ಏನೂ ಮಾಡಲ್ಲ, ಒಣಗಿಸಿ ಇನ್ನೂ ಗಟ್ಟಿ ಮಾಡುತ್ತದೆ. ಅದಕ್ಕೆ ಡಿಕ್ಕಿಯಲ್ಲಿ ಎರಡು ಲೀಟರ್ ನೀರಿನ ಬಾಟಲ್, ಮೈಕ್ರೋಫೈಬರ್ ಬಟ್ಟೆ ಇಟ್ಟಿರುತ್ತೇನೆ. ಚಾರ್ಜಿಂಗ್‌ಗೆ ನಿಲ್ಲಿಸಿದಾಗಲೆಲ್ಲ ಮೊದಲು ನೀರು ಸುರಿದು, ಆಮೇಲೆ ಒರೆಸುತ್ತೇನೆ. ಒಣಗಿದ ಕೆಸರಿನಲ್ಲಿ ಮರಳಿರುತ್ತದೆ, ಹಾಗೇ ಉಜ್ಜಿದರೆ ಗಾಜು ಗೀಚಿಹೋಗುತ್ತದೆ. ಹಿಂದಿನ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್, ಟೇಲ್ ಲೈಟ್, ನಂಬರ್ ಪ್ಲೇಟನ್ನೂ ಅದೇ ಬಟ್ಟೆಯಲ್ಲಿ ಒರೆಸಿಬಿಡುತ್ತೇನೆ. ಕ್ಯಾಮೆರಾ ಗಾಜಿಗಿಂತ ಕೆಳಗಿರುವುದರಿಂದ ಇನ್ನೂ ಬೇಗ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಜಡಿಮಳೆಯಲ್ಲಿ ಹಿಂದಿನ ಗಾಜು ಇಲ್ಲ ಅಂತಲೇ ತಿಳಿದು ಓಡಿಸಬೇಕು. ಆಗ ಕೆಲಸಕ್ಕೆ ಬರುವುದು ಸೈಡ್ ಮಿರರ್. ಸಾಮಾನ್ಯವಾಗಿ ನಾನು ಅವುಗಳನ್ನು ಚೆನ್ನಾಗಿ ಹೊರಕ್ಕೆ ತಿರುಗಿಸಿಟ್ಟಿರುತ್ತೇನೆ, ನನ್ನ ಕಾರಿನ ಮೈ ಕಾಣದಷ್ಟು. ಪಕ್ಕದ ಲೇನಿನಲ್ಲಿ ಅಡಗುವ ಬೈಕುಗಳು ಸಿಗುವುದು ಹಾಗೆ ಇಟ್ಟರೇ. ಆದರೆ ನೇರ ಹಿಂದಿನದನ್ನು ಒಳಗಿನ ಕನ್ನಡಿ ನೋಡಿಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ಒಳಗಿನ ಕನ್ನಡಿಯೇ ಕುರುಡಾದಾಗ ಆ ಲೆಕ್ಕ ಕೆಡುತ್ತದೆ. ಹಾಗಾಗಿ ಘಾಟಿ ಶುರುವಾಗುವ ಮೊದಲು ಎರಡನ್ನೂ ಸ್ವಲ್ಪ ಒಳಕ್ಕೆ ತರುತ್ತೇನೆ. ನನ್ನ ಹಿಂದಿನ ಬಾಗಿಲಿನ ಹಿಡಿ ಅಂಚಿನಲ್ಲಿ ಕಾಣಬೇಕು, ಅಷ್ಟು. ಪಕ್ಕದಲ್ಲಿ ಕಾಣದೇ ಹೋಗುವ ಜಾಗಕ್ಕೆ ತಲೆ ತಿರುಗಿಸಿ ನೋಡುತ್ತೇನೆ. ಘಾಟಿಯ ತಿರುವುಗಳೂ ನೆರವಾಗುತ್ತವೆ. ಎಡಕ್ಕೆ ತಿರುಗುವಾಗ ಹಿಂದಿನ ವಾಹನ ಎಡ ಕನ್ನಡಿಯಲ್ಲಿ, ಬಲಕ್ಕೆ ತಿರುಗುವಾಗ ಬಲ ಕನ್ನಡಿಯಲ್ಲಿ ಪೂರ್ತಿ ಕಾಣಿಸಿಕೊಳ್ಳುತ್ತದೆ. ಪ್ರತಿ ತಿರುವಿನಲ್ಲೂ ಒಂದು ಸಲ ಕಣ್ಣು ಹಾಯಿಸುವುದು ಈಗ ರೂಢಿಯಾಗಿದೆ. ಹೊರಗಿನ ಕನ್ನಡಿ ಉಬ್ಬಿರುವುದರಿಂದ ಬಸ್ಸು ಕಾಣುವುದಕ್ಕಿಂತ ಹತ್ತಿರವೇ ಇರುತ್ತದೆ, ಅದೂ ನೆನಪಿರಲಿ.

ಎಲೆಕ್ಟ್ರಿಕ್ ಕಾರಿಗೇ ಸೇರಿದ ಮಾತು ಇನ್ನೊಂದಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ. ರೀಜೆನ್ ಅನ್ನುವ ಈ ಹಿಡಿತ ಜೋರಾಗಿದ್ದರೆ ಬ್ರೇಕ್ ಲೈಟ್ ತಾನಾಗಿ ಹತ್ತುತ್ತದೆ. ಮೆಲ್ಲಗೆ ವೇಗ ಇಳಿಯುವಾಗ ಹತ್ತಲೇಬೇಕು ಅಂತ ಇಲ್ಲ. ಹಿಂದೆ ಯಾರು ಎಷ್ಟು ಹತ್ತಿರ ಇದ್ದಾರೆ ಅಂತ ಕಾಣದಿರುವಾಗ ಇದು ಸಣ್ಣ ವಿಷಯವಲ್ಲ. ಹಿಂದಿನವರಿಗೆ ಕೆಂಪು ದೀಪ ಕಾಣದೆ ನಮ್ಮ ಕಾರು ಸುಮ್ನೆ ಹತ್ತಿರ ಬಂದ ಹಾಗೆ ಆಗುತ್ತದೆ. ಮಳೆಯಲ್ಲಿ ಘಾಟಿ ಇಳಿಯುವಾಗ ರೀಜೆನ್ ಅನ್ನು ಮಧ್ಯದ ಹಂತಕ್ಕೆ ಇಡುತ್ತೇನೆ. ತಿರುವಿಗೆ ಸಾಕಷ್ಟು ಮೊದಲೇ ಬ್ರೇಕ್ ಪೆಡಲ್ ಮೇಲೆ ಮೆಲ್ಲಗೆ ಕಾಲಿಟ್ಟು ದೀಪ ಹತ್ತಿಸುತ್ತೇನೆ. ಜಾರುವ ರಸ್ತೆಯಲ್ಲಿ ಚಕ್ರದ ಹಿಡಿತಕ್ಕೂ ಇದೇ ಒಳ್ಳೆಯದು.

ಲೈಟಿನ ವಿಷಯದಲ್ಲೂ ಇದೇ ಜಾಗ್ರತೆ ಬೇಕು. ಈ ಕಾರುಗಳ ಡ್ಯಾಶ್‌ಬೋರ್ಡ್ ಪರದೆ ಹಗಲಲ್ಲೂ ಬೆಳಗುತ್ತಿರುತ್ತದೆ, ಹಾಗಾಗಿ ಲೈಟ್ ಹಾಕಿದ್ದೇವೆ ಅಂತಲೇ ಅನಿಸುತ್ತದೆ. ಹಗಲಲ್ಲಿ ತಾನಾಗಿ ಉರಿಯುವ ದೀಪ (ಡಿಆರ್‌ಎಲ್) ಮುಂದೆ ಮಾತ್ರ ಉರಿದು, ಹಿಂದಿನ ಕೆಂಪು ದೀಪ ಉರಿಯದ ಕಾರುಗಳು ಬಹಳ ಇವೆ. ಮಳೆ ಶುರುವಾದ ಕೂಡಲೇ ಹೆಡ್‌ಲೈಟ್ ಅನ್ನು ಕೈಯಿಂದಲೇ ಹಾಕಿ, ಆಟೋ ಮೋಡ್ ನಂಬಬೇಡಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕುವುದು ಬೇಡ. ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವರಿಗೆ ಆಮೇಲೆ ತಿಳಿಯುವುದೇ ಇಲ್ಲ.

ಹೊರಗಡೆ ವೈಪರ್ ಹಾಕಿಸಬಹುದಾ ಅಂತ ಮಂಗಳೂರಿನ ಒಬ್ಬ ಗಾಜಿನವರನ್ನು ಕೇಳಿದೆ. "ಇದು ಟಫನ್ಡ್ ಗಾಜು ಸಾರ್, ತೂತು ಕೊರೆದರೆ ಪೂರ್ತಿ ಪುಡಿಯಾಗುತ್ತದೆ" ಅಂದರು. ಗಾಜು ಬಿಟ್ಟು ಬಾಗಿಲಿನ ತಗಡಿಗೆ ಕೂರಿಸಬೇಕೆಂದರೆ ವೈರಿಂಗ್ ಕತ್ತರಿಸಬೇಕು, ವಾರಂಟಿ ಪ್ರಶ್ನೆ ಬರುತ್ತದೆ. ನಾನು ಆ ಯೋಚನೆ ಬಿಟ್ಟೆ. ಈಗ ಕಾರು ಕೊಳ್ಳುವವರಿಗೆ ಮಾತ್ರ ಹೇಳುತ್ತೇನೆ. ಮಲೆನಾಡು, ಕರಾವಳಿ ಕಡೆ ಓಡಾಟ ಜಾಸ್ತಿ ಇದ್ದು, ಕಾರಿನ ಹಿಂದಿನ ಗಾಜು ನೆಟ್ಟಗಿದ್ದರೆ, ಸನ್‌ರೂಫ್ ಬಿಟ್ಟಾದರೂ ಹಿಂದಿನ ವೈಪರ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ಸಾಧ್ಯವಾದರೆ ಟೆಸ್ಟ್ ಡ್ರೈವ್ ಅನ್ನು ಜುಲೈ ತಿಂಗಳಲ್ಲಿ, ಮಳೆ ಬರುತ್ತಿರುವಾಗಲೇ ಕೇಳಿ.