ಆನೆಯ ಎದುರು ಒಂಟಿ ಕುದುರೆ: ಡ್ರಾ ಉಳಿಸಿಕೊಳ್ಳುವುದು ಹೇಗೆ?

ಚದುರಂಗದಲ್ಲಿ ಕಾಲಾಳುಗಳೆಲ್ಲ ಮುಗಿದು, ಒಬ್ಬರ ಬಳಿ ರಾಜ ಮತ್ತು ಆನೆ, ಇನ್ನೊಬ್ಬರ ಬಳಿ ರಾಜ ಮತ್ತು ಕುದುರೆ ಮಾತ್ರ ಉಳಿದರೆ ಆಟ ಸಾಮಾನ್ಯವಾಗಿ ಡ್ರಾ ಆಗಬೇಕು. ಆದರೂ ಶಾಲಾ ಪಂದ್ಯಾವಳಿಗಳಲ್ಲಿ ಕುದುರೆಯ ಕಡೆಯವರು ಸೋಲುವುದನ್ನು ಮತ್ತೆ ಮತ್ತೆ ನೋಡುತ್ತೇನೆ. 1996ರಲ್ಲಿ ಸ್ಪೇನಿನ ದೋಸ್ ಎರ್ಮಾನಾಸ್‌ನಲ್ಲಿ ಹಂಗೇರಿಯ ಗ್ರ್ಯಾಂಡ್‌ಮಾಸ್ಟರ್ ಜುಡಿತ್ ಪೋಲ್ಗಾರ್ ಅವರೇ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಎದುರು ಇಂಥ ಡ್ರಾ ಸ್ಥಿತಿಯಿಂದ ಸೋತಿದ್ದರು. ಆದ್ದರಿಂದ ಇದನ್ನು ಕಲಿತೇ ಮಣೆಗೆ ಕೂರಬೇಕು.

ಮೊದಲಿಗೆ ರಾಜನನ್ನು ಮಧ್ಯಕ್ಕೆ ತಂದು, ಸಾಧ್ಯವಾದಷ್ಟು ಕಾಲ ಅಲ್ಲೇ ಇರಿಸಿಕೊಳ್ಳಿ.

ಎರಡನೆಯದಾಗಿ, ಕುದುರೆಯನ್ನು ರಾಜನ ಮಗ್ಗುಲಿನಿಂದ ದೂರ ಕಳಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ಒಂದು ಚೆಕ್ ಕೊಡುವ ಆಸೆಗೆ ಕುದುರೆಯನ್ನು ದೂರ ಓಡಿಸುತ್ತಾರೆ, ಅದು ಮತ್ತೆ ಮನೆ ಸೇರುವುದಿಲ್ಲ. ಕುದುರೆ ಡಿ4ರಲ್ಲಿದ್ದು (ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗಿನ ಉದ್ದಸಾಲುಗಳು, ಕೆಳಗಿನಿಂದ ಮೇಲಕ್ಕೆ 1ರಿಂದ 8ರವರೆಗಿನ ಅಡ್ಡಸಾಲುಗಳು) ಎದುರಾಳಿಯ ಆನೆ ಎಫ್6ಕ್ಕೆ ಬಂದರೆ, ಕುದುರೆಯ ಎಂಟು ಮನೆಗಳಲ್ಲಿ ಸಿ6, ಇ6, ಎಫ್5, ಎಫ್3 ಎಂಬ ನಾಲ್ಕು ಒಮ್ಮೆಗೇ ಮುಚ್ಚಿಹೋಗುತ್ತವೆ. ಉಳಿದವನ್ನು ಎದುರಾಳಿಯ ರಾಜ ನೋಡಿಕೊಳ್ಳುತ್ತಾನೆ. ಮೂಲೆಯಲ್ಲಂತೂ ಆನೆಗೆ ರಾಜನ ನೆರವೂ ಬೇಡ. ಕುದುರೆ ಎ1ರಲ್ಲಿ, ಆನೆ ಸಿ3ರಲ್ಲಿ ಇದ್ದರೆ ಬಿ3, ಸಿ2 ಎರಡೂ ದಾರಿ ಬಂದ್. ನಿಮ್ಮ ರಾಜ ದೂರದಲ್ಲಿದ್ದರೆ ಎದುರಾಳಿಯ ರಾಜ ನಿಧಾನವಾಗಿ ನಡೆದು ಬಂದು ಅದನ್ನು ಹೊಡೆಯುತ್ತಾನೆ.

ಮೂರನೆಯದಾಗಿ, ರಾಜ ಅಂಚಿಗೆ ತಳ್ಳಲ್ಪಟ್ಟರೆ ಗಾಬರಿಯಾಗಬೇಡಿ, ಆದರೆ ಮೂಲೆಗೆ ಹೋಗಬೇಡಿ. ನೀವು ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದೀರಿ, ನಿಮ್ಮ ರಾಜ ಇ8ರಲ್ಲಿದ್ದಾನೆ, ಬಿಳಿಯ ರಾಜ ಇ6ರಲ್ಲಿ ಮತ್ತು ಆನೆ ಎ7ರಲ್ಲಿ ಇವೆ ಎಂದುಕೊಳ್ಳಿ. ಕುದುರೆ ಡಿ8ಕ್ಕೆ ಬಂದು ಚೆಕ್ ಕೊಡುತ್ತದೆ. ಬಿಳಿಯ ರಾಜ ಡಿ6ಕ್ಕೆ ಸರಿದರೆ ಕುದುರೆ ಎಫ್7ಕ್ಕೆ ಹಾರಿ ಮತ್ತೆ ಚೆಕ್. ಆನೆ ಅದನ್ನು ಹೊಡೆದರೆ ನಿಮ್ಮ ರಾಜ ಆನೆಯನ್ನು ಹೊಡೆಯುತ್ತಾನೆ, ಆಟ ಡ್ರಾ.

ಇದೇ ಕಾಯಿಗಳು ಮೂಲೆಯ ಬಳಿ ಇದ್ದರೆ ಕಥೆ ಬೇರೆ. ನಿಮ್ಮ ರಾಜ ಜಿ8, ಕುದುರೆ ಎಚ್8, ಬಿಳಿಯ ರಾಜ ಎಫ್6, ಆನೆ ಎ7: ನಿಮ್ಮ ರಾಜ ಎಫ್8ಕ್ಕೆ ಹೋದರೆ ಆನೆ ಎ8ಕ್ಕೆ ಬಂದು ಚೆಕ್‌ಮೇಟ್, ಕುದುರೆ ಎಲ್ಲಿಗೆ ಹೋದರೂ ಸಾಯುತ್ತದೆ. ಕುದುರೆಯನ್ನು ಜಿ7ರಲ್ಲಿ ಇಡುವುದೂ ಅಪಾಯ. ನಿಮ್ಮ ರಾಜ ಜಿ8ರಲ್ಲಿ, ಬಿಳಿಯ ರಾಜ ಜಿ6ರಲ್ಲಿ ಇದ್ದಾಗ ಆನೆ ಎ8ರಿಂದ ಚೆಕ್ ಕೊಟ್ಟರೆ ಕುದುರೆ ಇ8ಕ್ಕೆ ಅಡ್ಡ ಬರಲೇಬೇಕು, ಆನೆ ಅದನ್ನು ಹೊಡೆದ ಕ್ಷಣವೇ ಚೆಕ್‌ಮೇಟ್. ಬಿ7, ಬಿ2, ಜಿ2 ಮನೆಗಳಿಗೂ ಇದೇ ಮಾತು.

ಅಭ್ಯಾಸಕ್ಕೆ ಮರದ ಮಣೆಯೇ ಸರಿ. ಪ್ರತಿ ನಡೆಗೂ ಬಾಣದ ಗುರುತು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಕಲಿತವರಿಗೆ ಗಡಿಯಾರದ ಎದುರು ಕೈ ನಡುಗುತ್ತದೆ. ಹತ್ತು ಸ್ಥಿತಿ ಬಾಯಿಪಾಠ ಮಾಡಿಸುವ ಅಡ್ಡದಾರಿಯೂ ಬೇಡ. ಗೆಳೆಯರೊಬ್ಬರಿಗೆ ಆನೆ ಕೊಟ್ಟು, ನೀವು ಕುದುರೆ ಇಟ್ಟುಕೊಂಡು ಆಡಿ.

ಕೊನೆಯದಾಗಿ, ನಡೆಗಳನ್ನು ಬರೆದಿಡಿ. ಕಾಯಿ ಹೊಡೆತವಾಗಲಿ ಕಾಲಾಳಿನ ನಡೆಯಾಗಲಿ ಇಲ್ಲದೆ ಇಬ್ಬರೂ 50 ನಡೆ ಮುಗಿಸಿದರೆ ನೀವು ಡ್ರಾ ಕೇಳಬಹುದು. 50ನೆಯದು ನಿಮ್ಮದೇ ನಡೆಯಾಗಿದ್ದರೆ ಅದನ್ನು ಆಡುವ ಮೊದಲು ಹಾಳೆಯಲ್ಲಿ ಬರೆದು, ತೀರ್ಪುಗಾರರನ್ನು ಕರೆದು ತಿಳಿಸಬೇಕು. ನೀವು ಕೇಳದಿದ್ದರೂ, ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮದ ಪ್ರಕಾರ 75 ನಡೆಗಳಾದಾಗ ಆಟ ತಾನಾಗಿಯೇ ಡ್ರಾ ಆಗುತ್ತದೆ.